ಬಯ್ಯೂಮಿ ಸಾಹೇಬರ ಕೈಗುಣ

ಕೈರೋದ ಶುಬ್ರಾ ಕಡೆ ಹದಿನೇಳನೇ ನಂಬರಿನ ಕಟ್ಟಡವೊಂದಿದೆ. ಅದಕ್ಕೆ ಐದು ಮಹಡಿ, ಇಪ್ಪತ್ತು ಮನೆ, ನಲವತ್ತು ಬೆಕ್ಕು, ಒಂದೇ ಒಂದು ಮೋಟಾರು. ನಗರದ ನೀರು ಎರಡನೇ ಮಹಡಿಯವರೆಗೆ ಹೇಗೋ ಏದುಸಿರು ಬಿಡುತ್ತಾ ಹತ್ತಿ, ಅಲ್ಲಿ ಮಂಡಿ ಹಿಡಿದುಕೊಂಡು ಕೂತುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಅದನ್ನು ಹೊತ್ತೊಯ್ಯುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತಿರುವ ಮೋಟಾರಿನ ಕೆಲಸ. ಮೋಟಾರು ಸ್ವಲ್ಪ ಹಳೆಯದು. ನೈಲ್ ನದಿ ಇದಕ್ಕಿಂತ ಐದಾರು ವರ್ಷ ಹಿರಿಯದಿರಬಹುದು, ಅಷ್ಟೇ.

ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅದು ನೀರೆತ್ತುವುದನ್ನು ಬಿಟ್ಟು, ಪೆಟ್ಟು ತಿಂದ ಎತ್ತಿನ ಹಾಗೆ ‘ಹೂಂ…’ ಎಂದು ಗುಂಯ್‌ಗುಡುತ್ತಾ ನಿಂತುಬಿಟ್ಟಿತು. ಶುಬ್ರಾದ ಆಗಸ್ಟ್ ಎಂದರೆ ತಮಾಷೆಯಲ್ಲ. ಕಾಗೆ ಹಾರುತ್ತಾ ಹಾರುತ್ತಾ ಬೆಂದು, ಕೆಳಗೆ ಬೀಳುವ ಹೊತ್ತಿಗೆ ಉಪ್ಪು ಹಾಕಿದರೆ ಸಾಕು ಎನ್ನುವ ಹದಕ್ಕೆ ಬಂದಿರುತ್ತದೆ. ಅಂಥ ದಿನ, ಅಂಥ ಹೊತ್ತಿನಲ್ಲಿ, ಐದನೇ ಮಹಡಿಯ ಬಯ್ಯೂಮಿ ಸಾಹೇಬರು ತಲೆಯಿಂದ ಪಾದದವರೆಗೆ ಸೋಪು ಹಚ್ಚಿಕೊಂಡು ನಲ್ಲಿಯ ಕೆಳಗೆ ನಿಂತಿದ್ದರು. ನಲ್ಲಿ ಒಂದು ಸಲ ಕೆಮ್ಮಿತು. ಆಮೇಲೆ ಮಾತು ಬಿಟ್ಟಿತು.

ಬಯ್ಯೂಮಿ ಸಾಹೇಬರು ಭೂನೋಂದಣಿ ಕಚೇರಿಯ ಗುಮಾಸ್ತರು. ಇಪ್ಪತ್ತಾರು ವರ್ಷ ಪತ್ರ ಬರೆದು ಮೊಹರು ಒತ್ತಿದವರು. ವಿದ್ಯುತ್ತಿನ ವಿಷಯದಲ್ಲಿ ಅವರಿಗೆ ಗೊತ್ತಿದ್ದುದು ಎರಡೇ: ಗುಂಡಿ ಮೇಲಿದ್ದರೆ ದೀಪ ಆರಿರುತ್ತದೆ, ಕೆಳಗಿದ್ದರೆ ಉರಿಯುತ್ತದೆ. ಇದರಲ್ಲೂ ಒಮ್ಮೊಮ್ಮೆ ಅದಲುಬದಲಾಗುತ್ತಿತ್ತು. ಆದರೂ ಆವತ್ತು ಮೈಮೇಲೊಂದು ನಿಲುವಂಗಿ ಎಳೆದುಕೊಂಡು, ಬಚ್ಚಲಿನ ಮರದ ಚಪ್ಪಲಿಯಲ್ಲೇ, ಕಣ್ಣಲ್ಲಿ ಸೋಪು, ಮೂಗಿನ ಮೇಲೆ ಸಿಟ್ಟು ಇಟ್ಟುಕೊಂಡು ಐದು ಮಹಡಿ ಇಳಿದರು. ಮೋಟಾರಿಗೆ ನಾಲ್ಕು ಮಾತು ಬೈದು ಬರುವುದಷ್ಟೇ ಉದ್ದೇಶ.

ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಎಡಗಾಲಿನ ಚಪ್ಪಲಿ ಗಾಳಿಯಲ್ಲಿ ಮೂರು ಸುತ್ತು ಹಾಕಿ, ಮೋಟಾರಿನ ಹಿಂಬದಿಗಿರುವ ಪುಟ್ಟ ರೆಕ್ಕೆಗೆ ಹೋಗಿ ಬಡಿಯಿತು. ಆ ರೆಕ್ಕೆಗೆ ಮುಚ್ಚಳವೊಂದು ಇರಬೇಕಾಗಿತ್ತು. ಕಾವಲುಗಾರ ಇದ್ರೀಸ್ ಅದನ್ನು ಯಾವತ್ತೋ ಬಿಚ್ಚಿ, ಬೆಕ್ಕುಗಳಿಗೆ ಹಾಲಿಡಲು ಬಳಸುತ್ತಿದ್ದ. ರೆಕ್ಕೆ ಚಪ್ಪಲಿಯ ಪೆಟ್ಟಿಗೆ ಅರ್ಧ ಸುತ್ತು ತಿರುಗಿತು. ಅಷ್ಟೇ ಸಾಕಾಯಿತೋ ಏನೋ, ಮೋಟಾರು ‘ಝುಂಯ್’ ಎಂದು ಓಡತೊಡಗಿತು.

ಇದ್ರೀಸ್ ಬಾಯಿ ತೆರೆದುಕೊಂಡು ನಿಂತ. ಮೂರನೇ ಮಹಡಿಯಿಂದ ಮದಾಮ್ ತೆರೇಸ್ ಕಟಕಟೆಯ ಮೇಲೆ ಅರ್ಧ ದೇಹ ಚಾಚಿ ಕೂಗಿದರು:

“ನೀರು ಬಂತು! ಯಾರಪ್ಪಾ ಪುಣ್ಯಾತ್ಮ ಸರಿ ಮಾಡಿದ್ದು?”

ಬಯ್ಯೂಮಿ ಸಾಹೇಬರು ನಿಜ ಹೇಳಬೇಕೆಂದೇ ಬಾಯಿ ತೆರೆದರು. ಇದನ್ನು ನಾನು ಯಾವ ಮಸೀದಿಯಲ್ಲಿ ಬೇಕಾದರೂ ಆಣೆ ಇಟ್ಟು ಹೇಳುತ್ತೇನೆ. ಆದರೆ ಬಾಯಿಗೆ ಸೋಪಿನ ನೊರೆ ಹೋಯಿತು. ಅದನ್ನು ಉಗುಳುವಷ್ಟರಲ್ಲಿ ಇದ್ರೀಸ್ ಕೂಗಿಬಿಟ್ಟಿದ್ದ:

“ಬಯ್ಯೂಮಿ ಸಾಹೇಬ್ರು ಕಣ್ರಮ್ಮಾ! ಹಿಂಗೆ ಬಂದ್ರು, ಹಿಂಗೆ ಒಂದು ಏಟು, ಅಷ್ಟೇ! ನಮ್ಮ ಕಟ್ಟಡದಲ್ಲೇ ಇಂಥ ಬಾಷ್‌ಮುಹಂದಿಸ್ ಇದ್ದಾರೆ ಅಂತ ನಂಗೂ ಗೊತ್ತಿರ್ಲಿಲ್ಲ!”

ಬಾಷ್‌ಮುಹಂದಿಸ್ ಎಂದರೆ ಮಹಾ ಇಂಜಿನಿಯರು. ಕೈರೋದಲ್ಲಿ ಈ ಬಿರುದನ್ನು ಟ್ಯಾಕ್ಸಿಯವನು ಗಿರಾಕಿಗೂ, ಗಿರಾಕಿ ಹಣ್ಣಿನವನಿಗೂ ಧಾರಾಳವಾಗಿ ಕೊಡುತ್ತಿರುತ್ತಾರೆ. ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಬಯ್ಯೂಮಿ ಸಾಹೇಬರು ಒಯ್ದರು. ಒದ್ದೆ ಗಡ್ಡ ನೀವಿಕೊಂಡು, ಗಂಭೀರವಾಗಿ ಹೇಳಿದರು:

“ಏನಿಲ್ಲ. ಅದರ ಮರ್ಮ ಒಂದಿದೆ. ಅಲ್ಲಿಗೆ ಮುಟ್ಟಿಸಿದೆ.”

ಸರಿ, ಬೆಂಕಿ ಹತ್ತಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಗಲ್ಲಿ ದಾಟಿತ್ತು. ಕೈರೋದಲ್ಲಿ ಭಾನುವಾರ ರಜೆಯಲ್ಲ; ಸಾಹೇಬರು ಕಚೇರಿಯಿಂದ ವಾಪಸು ಬರುವಾಗ ಮೆಟ್ಟಿಲ ಮೇಲೆ ಹನ್ನೊಂದು ಫ್ಯಾನು, ನಾಲ್ಕು ಬಟ್ಟೆ ಒಗೆಯುವ ಯಂತ್ರ, ಒಂದು ಹೊಲಿಗೆ ಯಂತ್ರ, ಮತ್ತು ಯಾಕೆ ತಂದರೋ ಗೊತ್ತಿಲ್ಲ, ಒಂದು ಕುಂಟು ಮೇಕೆ ಕಾಯುತ್ತಿದ್ದವು. ಆ ಬೇಸಿಗೆಯಲ್ಲಿ ವಿದ್ಯುತ್ತು ಏರುವುದು, ಇಳಿಯುವುದು, ಹೋಗುವುದು, ಬರುವುದು ವಿಪರೀತವಾಗಿ, ಗಲ್ಲಿಯ ಅರ್ಧಕ್ಕರ್ಧ ಯಂತ್ರಗಳು ಬರೀ ಗುಂಯ್‌ಗುಟ್ಟಿಕೊಂಡು ತಿರುಗದೆ ಕೂತಿದ್ದವು. ಸಾಹೇಬರು ಖಾಲಿ ಚಹಾ ಲೋಟವನ್ನು ಫ್ಯಾನಿನ ಬೆನ್ನಿಗಿಟ್ಟು ಕಿವಿ ಕೊಟ್ಟು ಆಲಿಸುವರು, ಕಣ್ಣು ಮುಚ್ಚುವರು, “ಅಯ್ಯೋ, ಇದರ ಮನಸ್ಸು ನೊಂದಿದೆ” ಎನ್ನುವರು. ಆಮೇಲೆ ಗುಂಡಿ ಒತ್ತಿಸಿ, ಕೋಲಿನಿಂದ ರೆಕ್ಕೆಯನ್ನು ಒಮ್ಮೆ ನೂಕುವರು. ಹತ್ತರಲ್ಲಿ ಏಳು ತಿರುಗಿಯೇಬಿಡುತ್ತಿದ್ದವು. ಬಾಕಿ ಮೂರನ್ನು “ಇದರ ಆಯುಷ್ಯ ಮುಗಿದಿತ್ತು, ದೇವರ ಇಚ್ಛೆ” ಎಂದು ಮರಳಿಸುತ್ತಿದ್ದರು. ದೊಡ್ಡ ವೈದ್ಯರಾದರೂ ಇದಕ್ಕಿಂತ ಹೆಚ್ಚೇನು ಮಾಡುತ್ತಾರೆ?

ಈ ಕೀರ್ತಿಗೆ ಒಲಿಯದವಳು ಒಬ್ಬಳೇ, ಅವರ ಹೆಂಡತಿ ಗಲೀಲಾ.

“ಏನ್ರೀ ಮಾಯ್ಸಳ ಅಪ್ಪಾ, ಊರಿಗೆಲ್ಲ ಗಾಳಿ ಬೀಸಿಸ್ತಿದ್ದೀರಂತೆ. ನಮ್ಮನೆ ನಲ್ಲೀಲಿ ಯಾಕೆ ನೀರಿಲ್ಲ?”

“ಮೋಟಾರು ಓಡ್ತಾ ಇದೆಯಲ್ಲೇ!”

“ಓಡ್ತಾ ಇದೆ. ನೀರು ಮಾತ್ರ ಮೂರನೇ ಮಹಡೀಲಿ ನಿಂತು ಮದಾಮ್ ತೆರೇಸ್ ಹತ್ರ ಹರಟೆ ಹೊಡೀತಿದೆ. ನಿಮ್ಮ ವಿದ್ಯೆಗೆ ಎರಡು ಮಹಡಿ ಕಮ್ಮಿ ಬಿತ್ತು.”

ಅದು ನಿಜ. ಮೋಟಾರು ಓಡುತ್ತಿತ್ತು, ಆದರೆ ಶಕ್ತಿಯೇ ಇರಲಿಲ್ಲ. ಅದಲ್ಲದೆ ಹತ್ತು ನಿಮಿಷಕ್ಕೊಮ್ಮೆ ಕಾದು ಕೆಂಡವಾಗಿ ತಾನಾಗಿ ನಿಲ್ಲುತ್ತಿತ್ತು. ತಣ್ಣಗಾದ ಮೇಲೆ ಸಾಹೇಬರು ಹೋಗಿ ಮತ್ತೆ ನೂಕಬೇಕು. “ಅದು ವಿಶ್ರಾಂತಿ ತಗೊಳ್ತಿದೆ” ಎಂದು ಅವರು ಕಟ್ಟಡಕ್ಕೆಲ್ಲ ಸಾರಿದ್ದರು. ಮೇಲಿನ ಎರಡು ಮಹಡಿಯ ಹೆಂಗಸರು ತರಕಾರಿ ಎಳೆದುಕೊಳ್ಳುವ ಬುಟ್ಟಿಗಳಲ್ಲಿ ಕೊಡಪಾನ ಇಟ್ಟು, ಹಗ್ಗ ಹಾಕಿ ಬೀದಿಯಿಂದ ನೀರೆಳೆದುಕೊಳ್ಳುತ್ತಿದ್ದರು.

ಗಲೀಲಾಳ ಚಿಂತೆ ಸುಮ್ಮನೆ ಅಲ್ಲ. ಗುರುವಾರ ಸಂಜೆ ಮಗಳು ಮಾಯ್ಸಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಒಪ್ಪಿಗೆಯಾದರೆ ಅಲ್ಲೇ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ ಮಾತು ಗಟ್ಟಿ ಮಾಡುವುದೆಂದು ತೀರ್ಮಾನವಾಗಿತ್ತು. ಹುಡುಗ ಖೈರತ್ ಒಳ್ಳೆಯವನು. ಮಾಯ್ಸ ಅವನನ್ನು ಬಸ್ಸಿನಲ್ಲಿ ಒಂದು ವರ್ಷದಿಂದ ನೋಡುತ್ತಿದ್ದಳು. ನೋಡಿಯೇ ಇಲ್ಲವೆಂದು ಅಪ್ಪನೆದುರು ಒಂದು ವರ್ಷದಿಂದ ನಟಿಸುತ್ತಿದ್ದಳು. ಕಷ್ಟವಿದ್ದುದು ಹುಡುಗನ ತಾಯಿಯ ವಿಷಯದಲ್ಲಿ. ಆಕೆ ಸುಳ್ಳನ್ನು ಸಹಿಸುವವಳಲ್ಲ. ಹಿಂದೊಮ್ಮೆ ಒಂದು ಸಂಬಂಧ ಬಂದಾಗ, ಹೆಣ್ಣಿನ ಅಪ್ಪ ತಮ್ಮ ಫ್ರಿಜ್ಜು ಹೊಸದೆಂದು ಹೇಳಿದನಂತೆ. ಆಕೆ ಪಕ್ಕದ ಕೋಣೆಯಿಂದಲೇ ಅದರ ಸದ್ದು ಕೇಳಿ, “ಹನ್ನೆರಡು ವರ್ಷ ಹಳೇದು, ಎರಡು ಸಲ ಬಿಚ್ಚಿದ್ದು” ಎಂದು ಎದ್ದು ಹೊರಟೇಬಿಟ್ಟಳಂತೆ.

ಯಾಕೆಂದರೆ ಆಕೆ ಉಸ್ತಾ ಅತಿಯ್ಯಾತ್. ಉಸ್ತಾ ಎಂದರೆ ಕಸುಬಿನಲ್ಲಿ ಪಳಗಿದ ಕೈ; ಈ ಬಿರುದು ಬಾಷ್‌ಮುಹಂದಿಸ್‌ನ ಹಾಗೆ ಪುಕ್ಕಟೆ ಸಿಗುವುದಿಲ್ಲ. ಶುಬ್ರಾದಿಂದ ಸೇತುವೆಯಾಚೆಯವರೆಗೆ ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಅಂಗಡಿಯಲ್ಲಿ ತಾನೇ ಕೂತು, ಇಪ್ಪತ್ತು ವರ್ಷದಲ್ಲಿ ಆಕೆ ಸುತ್ತಿದ ತಂತಿಯನ್ನು ಬಿಚ್ಚಿ ಹಾಸಿದರೆ ಚಂದ್ರನಿಗೆ ಹೋಗಿ, ಅಲ್ಲೊಂದು ಗಂಟು ಹಾಕಿ ವಾಪಸು ಬರಬಹುದು.

ಇದನ್ನು ಗಲೀಲಾ ಗಂಡನಿಗೆ ಹೇಳಲು ಮೂರು ಸಲ ಪ್ರಯತ್ನಿಸಿದಳು. “ಹುಡುಗನ ತಾಯಿ ಏನು ಮಾಡ್ತಾಳೆ ಗೊತ್ತಾ?” ಎಂದು ಶುರು ಮಾಡಿದರೆ ಸಾಕು, ಸಾಹೇಬರು ಕೈ ಎತ್ತುವರು. “ಶ್! ಆ ಫ್ಯಾನು ಏನೋ ಹೇಳ್ತಾ ಇದೆ.” ನಾಲ್ಕನೇ ಸಲ ಆಕೆ ಹೇಳಲಿಲ್ಲ. ಅನುಭವಿಸಲಿ ಎಂದುಕೊಂಡಳು.

ಬುಧವಾರ ಮೀನಿನಂಗಡಿಯ ಹಾಜ್ ಶಲಬಿಯಿಂದ ಕರೆ ಬಂತು. ಒಲೆಯ ಹೊಗೆಯನ್ನು ಹೊರಗೆ ಎಳೆದು ಹಾಕುವ ದೊಡ್ಡ ಫ್ಯಾನು ನಿಂತಿತ್ತು. ಅಂಗಡಿ ತುಂಬ ಗಿರಾಕಿಗಳು, ಬಾಣಲೆ ತುಂಬ ಮೀನು.

“ಬಾಷ್‌ಮುಹಂದಿಸ್, ನಿಮ್ಮ ಕೈಗುಣ ತೋರಿಸ್ಬೇಕು.”

“ಸ್ಟೂಲು ತನ್ನಿ.”

ಸಾಹೇಬರು ಸ್ಟೂಲು ಹತ್ತಿ, ಲೋಟವಿಟ್ಟು ಆಲಿಸಿ, “ಅಹಂಕಾರ” ಎಂದು ರೋಗನಿರ್ಣಯ ಮಾಡಿ, ಕೋಲಿನಿಂದ ಎಡಗಡೆಯಿಂದ ಬಲಕ್ಕೆ ನೂಕಿದರು. ಇಂಥ ಫ್ಯಾನುಗಳ ಗುಣ ನಿಮಗೆ ಗೊತ್ತಿರಲಿ: ಅದಕ್ಕೆ ದಿಕ್ಕು ತೋರಿಸುವ ಕೆಪಾಸಿಟರ್ ಎಂಬ ಡಬ್ಬಿ ಕೈಕೊಟ್ಟಾಗ ಅದು ಯಾರು ಯಾವ ಕಡೆ ನೂಕಿದರೆ ಆ ಕಡೆಗೇ ನಂಬಿ ತಿರುಗುತ್ತದೆ, ಹೊಸ ಸೊಸೆಯ ಹಾಗೆ. ಫ್ಯಾನು ಉಲ್ಟಾ ತಿರುಗಿತು. ಹೊಗೆಕೊಳವೆಯಲ್ಲಿ ಹದಿನೈದು ವರ್ಷದಿಂದ ಶಾಂತವಾಗಿ ಮಲಗಿದ್ದ ಮಸಿ, ಜಿಡ್ಡು, ಒಂದು ಪಾರಿವಾಳದ ಗೂಡು, ಎಲ್ಲವೂ ಒಟ್ಟಿಗೆ ಎದ್ದು ಅಂಗಡಿಯೊಳಕ್ಕೆ ದಾಳಿಯಿಟ್ಟವು. ಒಳಗಿದ್ದ ಗಿರಾಕಿಗಳು ಹೊರಗೆ ಓಡಿದಾಗ ಅವರ ಸ್ವಂತ ಮಕ್ಕಳೂ ಗುರುತು ಹಿಡಿಯಲಿಲ್ಲ. ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ಮೀಸೆ ಬೋಳಿಸಿಕೊಂಡಿದ್ದವನೊಬ್ಬ ಯುದ್ಧ ಶುರುವಾಯಿತೆಂದು ಹಾಗೇ ಓಡಿದವನು ಇನ್ನೂ ಉಳಿದರ್ಧಕ್ಕೆ ಬಂದಿಲ್ಲ. ನಾಲ್ಕು ಬಡಾವಣೆಯ ಬೆಕ್ಕುಗಳು ಗಾಳಿಯ ವಾಸನೆ ಹಿಡಿದು ಮೆರವಣಿಗೆ ಬಂದವು.

ಮಸಿಯೊಳಗಿಂದ ಹಾಜ್ ಶಲಬಿಯ ಎರಡು ಕಣ್ಣುಗಳು ಕಾಣಿಸಿದವು.

“ಇದೇನ್ರೀ ಇದು?”

“ಮೊದಲು ಹೊರಗಿನ ಗಾಳಿ ಒಳಗೆ ಬರಬೇಕು ಹಾಜ್. ಆಮೇಲೆ ಒಳಗಿನದು ಹೊರಗೆ,” ಎಂದರು ಸಾಹೇಬರು, ಸ್ಟೂಲಿನಿಂದ ಇಳಿಯುತ್ತಾ, ಸ್ವಲ್ಪ ಬೇಗ ಬೇಗ.

ಗುರುವಾರ ಸಂಜೆ ಬಂತು. ಗಲೀಲಾ ಬುಟ್ಟಿಯಿಂದೆಳೆದ ನೀರಿನಲ್ಲೇ ಗುಲಾಬಿ ಶರಬತ್ತು ಮಾಡಿದಳು, ಬಸ್‌ಬೂಸಾ ಎಂಬ ರವೆಯ ಸಿಹಿಯನ್ನು ತಟ್ಟೆಯಲ್ಲಿ ಜೋಡಿಸಿದಳು. ಮನೆಯ ನಲ್ಲಿಗಳನ್ನೆಲ್ಲ, ಬಂದರೆ ಬರಲಿ ಎಂದು, ತಿರುವಿ ತೆರೆದಿಟ್ಟಿದ್ದಳು.

ಉಸ್ತಾ ಅತಿಯ್ಯಾತ್ ಬಂದಳು. ಕಪ್ಪು ಉಡುಪು, ಭಾರವಾದ ಕೈಚೀಲ, ಎಷ್ಟು ತೊಳೆದರೂ ಹೋಗದ ವಾರ್ನಿಷ್ ಕಲೆಯ ಬೆರಳು. ಹಿಂದೆ ಮಗ ಖೈರತ್, ಕುತ್ತಿಗೆಯ ಟೈ ತನ್ನನ್ನು ಕೊಲ್ಲುತ್ತದೆಂಬ ಮುಖದಲ್ಲಿ. ಮೆಟ್ಟಿಲ ಕೆಳಗೆ ಆಕೆ ಒಂದು ಗಳಿಗೆ ನಿಂತು ಮೋಟಾರಿನ ಸದ್ದು ಕೇಳಿದಳು. ಹುಬ್ಬು ಎತ್ತಿದಳು. ಮೇಲೆ ಹತ್ತಿದಳು.

ಶರಬತ್ತು ಬಂತು. ಮಾಯ್ಸ ತಲೆ ತಗ್ಗಿಸಿ ಕೂತಳು. ಗಲೀಲಾ ಮಾತು ತೆಗೆಯುವ ಮೊದಲೇ ಸಾಹೇಬರು ಗಂಟಲು ಸರಿಮಾಡಿಕೊಂಡರು.

“ನಾನು ಹೆಸರಿಗೆ ನೋಂದಣಿ ಕಚೇರಿ, ಅಷ್ಟೇ ಅಮ್ಮಾ. ನನ್ನ ನಿಜವಾದ ಕ್ಷೇತ್ರ ಮೋಟಾರು.”

ಗಲೀಲಾ ಕಣ್ಣು ಮುಚ್ಚಿದಳು. ಖೈರತ್ ಶರಬತ್ತನ್ನು ಮೂಗಿಗೆ ಏರಿಸಿಕೊಂಡ.

“ಹೌದಾ?” ಎಂದಳು ಉಸ್ತಾ ಅತಿಯ್ಯಾತ್. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ನಾನು ಓದಿಲ್ಲದ ಹೆಂಗಸು. ಮೋಟಾರು ಗುಂಯ್ ಅಂತ ನಿಂತುಬಿಡುತ್ತಲ್ಲ, ಅದು ಯಾತಕ್ಕೆ ಬಾಷ್‌ಮುಹಂದಿಸ್?”

“ಎರಡು ಕಾರಣ. ಒಂದು ದುಃಖ, ಇನ್ನೊಂದು ಅಹಂಕಾರ.”

“ಮತ್ತೆ ಪಕ್ಕದಲ್ಲಿ ಒಂದು ಡಬ್ಬಿ ಇರುತ್ತಲ್ಲ, ಕೆಪಾಸಿಟರ್ ಅಂತಾರೆ…”

“ಅದು ಅಲಂಕಾರಕ್ಕೆ,” ಎಂದರು ಸಾಹೇಬರು.

“ನಂಗೆ ಗೊತ್ತಿರ್ಲಿಲ್ಲ ನೋಡಿ,” ಎಂದಳು ಆಕೆ. ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಏಳುವವರು ಹಾಗೆ ಎಳೆದುಕೊಳ್ಳುತ್ತಾರೆಂದು ಗಲೀಲಾಗೆ ಗೊತ್ತು. ಮಾಯ್ಸ ಬಸ್‌ಬೂಸಾ ತಟ್ಟೆಯನ್ನು ಆಕೆಯ ಮುಂದಕ್ಕೆ ಚಾಚಿದಳು, ಇನ್ನೊಂದು ತುಂಡು ತಿನ್ನುವಷ್ಟು ಹೊತ್ತಾದರೂ ಕೂರಲಿ ಎಂದು.

ಅಷ್ಟರಲ್ಲಿ ಕೆಳಗಿನಿಂದ ಇದ್ರೀಸನ ಕೂಗು:

“ಬಾಷ್‌ಮುಹಂದಿಸ್! ಮತ್ತೆ ಮಲಗ್ತು!”

“ಬನ್ನಿ ಅಮ್ಮಾ, ಕಣ್ಣಾರೆ ನೋಡಿ,” ಎಂದು ಸಾಹೇಬರು ಎದ್ದರು.

ಇಡೀ ಕಟ್ಟಡ ಮೆಟ್ಟಿಲ ಮೇಲೆ ಸೇರಿತು. ಹಾಜ್ ಶಲಬಿಯೂ ಬೀದಿಯಿಂದ ಬಂದು, ಅರ್ಧ ತೊಳೆದ ಮುಖದಲ್ಲಿ ಕೈಕಟ್ಟಿ ನಿಂತ. ಸಾಹೇಬರು ಕೋಟಿನ ತೋಳು ಮಡಿಸಿದರು.

“ಮೊದ್ಲು ಗುಂಡಿ ಆರಿಸಿ,” ಎಂದಳು ಉಸ್ತಾ ಅತಿಯ್ಯಾತ್.

“ಆರಿಸಿದೆ. ಈಗ ನೋಡಿ, ಇದೇ ಆ ಡಬ್ಬಿ. ಅಲಂಕಾರ ಅಂದೆನಲ್ಲ…”

“ಮುಟ್ಬೇಡಿ!”

ಮುಟ್ಟಿದರು. ಗುಂಡಿ ಆರಿಸಿದ ಮೇಲೂ ಆ ಡಬ್ಬಿ ಹೊಟ್ಟೆಯಲ್ಲಿ ಒಂದಿಷ್ಟು ಸಿಟ್ಟು ಉಳಿಸಿಕೊಂಡಿರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ‘ಫಟ್’ ಎಂದಿತು. ಸಾಹೇಬರು ನಿಂತಲ್ಲಿಂದಲೇ, ಮಂಡಿ ಸಹ ಬಗ್ಗಿಸದೆ, ಮೂರು ಮೆಟ್ಟಿಲು ಮೇಲಕ್ಕೆ ಹೋದರು. ಅಲ್ಲಿಂದ ವಾಪಸು ಬಂದು ಬೆಕ್ಕಿನ ಹಾಲಿನ ಮುಚ್ಚಳದಲ್ಲಿ ಕೂತರು. ತಲೆಗೂದಲು ಒಂದೊಂದೂ ಎದ್ದು ನಿಂತಿತ್ತು. ಮದಾಮ್ ತೆರೇಸ್ ಶಿಲುಬೆಯ ಗುರುತು ಹಾಕಿಕೊಂಡರು, ಹಾಜ್ ಶಲಬಿ ದೇವರ ತೊಂಬತ್ತೊಂಬತ್ತು ಹೆಸರಲ್ಲಿ ತೊಂಬತ್ತನ್ನು ಒಂದೇ ಉಸಿರಿಗೆ ಹೇಳಿದ.

“ಬದುಕಿದ್ದೀರಾ?” ಎಂದಳು ಉಸ್ತಾ ಅತಿಯ್ಯಾತ್, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು.

“ಗೊತ್ತಿಲ್ಲ.”

“ಹಾಗಾದ್ರೆ ಬದುಕಿದ್ದೀರಿ. ನಿಮ್ಮ ಸುದ್ದಿ ನಮ್ಮಂಗಡೀವರೆಗೂ ಬಂದಿದೆ. ಒಂದು ಮಾತು ಕೇಳ್ತೀನಿ. ಭಾನುವಾರ ಈ ಮೋಟಾರಿಗೆ ನೀವು ಏನು ಮಾಡಿದ್ರಿ?”

ಸಾಹೇಬರು ಮೆಟ್ಟಿಲ ಕಡೆ ನೋಡಿದರು. ನಲವತ್ತು ಮುಖಗಳು, ಎಲ್ಲವೂ ತಮ್ಮ ಬಾಷ್‌ಮುಹಂದಿಸ್ ಏನು ಹೇಳುವರೋ ಎಂದು ಕಿವಿ ಚಾಚಿದ್ದವು. ಅವುಗಳ ಮಧ್ಯೆ ಮಾಯ್ಸ ತಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಕಣ್ಣು ಅಪ್ಪನ ಮೇಲಿರಲಿಲ್ಲ; ಆ ಕೈಚೀಲದ ಮೇಲಿತ್ತು.

“ಚಪ್ಪಲಿ ಜಾರಿ ಬಿತ್ತು,” ಎಂದರು ಸಾಹೇಬರು.

“ಜೋರಾಗಿ ಹೇಳಿ.”

“ಬಚ್ಚಲ ಚಪ್ಪಲಿ ಅಮ್ಮಾ! ಜಾರಿ ಹೋಗಿ ಅದಕ್ಕೆ ತಾಗಿತು! ನಂಗೆ ಮೋಟಾರೂ ಗೊತ್ತಿಲ್ಲ, ಮರ್ಮಾನೂ ಗೊತ್ತಿಲ್ಲ. ಫ್ಯಾನು ಯಾವತ್ತೂ ನನ್ನ ಹತ್ರ ಮಾತಾಡಿಲ್ಲ!”

ಆಮೇಲೆ ಉಸ್ತಾ ಅತಿಯ್ಯಾತ್ ನಕ್ಕಳು. ಗಂಡ ತೀರಿಕೊಂಡ ಮೇಲೆ ಆಕೆ ನಕ್ಕಿದ್ದನ್ನು ಖೈರತ್ ನೋಡಿರಲಿಲ್ಲವಂತೆ. ಹೆದರಿ ಟೈ ಬಿಚ್ಚಿಬಿಟ್ಟ.

“ಸುಟ್ಟ ಮೋಟಾರಾದ್ರೆ ತಂತಿಯೆಲ್ಲ ಬಿಚ್ಚಿ ಬಿಸಾಕ್ಬೇಕು,” ಎಂದಳು ಆಕೆ. “ನಿಮ್ಮ ತಲೆ ಸುಟ್ಟಿಲ್ಲ. ಉಲ್ಟಾ ತಿರುಗ್ತಿತ್ತು, ಅಷ್ಟೇ. ನೀವು ನೂಕಿದ ಈ ಮೋಟಾರಿನ ಹಾಗೇನೆ ಸಾಹೇಬ್ರೇ. ನಾಲ್ಕು ದಿನದಿಂದ ಇದು ಹಿಂದು ಮುಂದಾಗಿ ಓಡಿ, ನೀರೆತ್ತೋಕಾಗ್ದೆ ಬೆವರು ಸುರಿಸ್ತಿದೆ ಪಾಪ.”

ಕೈಚೀಲ ತೆರೆದಳು. ಬೇರೆ ಹೆಂಗಸರ ಕೈಚೀಲದಲ್ಲಿ ಅತ್ತರು, ಕನ್ನಡಿ, ಜಪಮಾಲೆ ಇರುತ್ತವೆ. ಆಕೆಯದರಲ್ಲಿ ಇಕ್ಕಳ, ಸ್ಕ್ರೂಡ್ರೈವರು, ಕರವಸ್ತ್ರದಲ್ಲಿ ಮೊಟ್ಟೆಗಳ ಹಾಗೆ ಸುತ್ತಿಟ್ಟ ಐದಾರು ಹೊಸ ಕೆಪಾಸಿಟರುಗಳಿದ್ದವು. ಹಳೆಯದರ ಎರಡು ಕಾಲಿಗೂ ಸ್ಕ್ರೂಡ್ರೈವರು ಅಡ್ಡ ಹಿಡಿದು ‘ಚಟ್’ ಎನಿಸಿ ಉಳಿದ ಸಿಟ್ಟನ್ನೂ ಇಳಿಸಿದಳು. ಬೆನ್ನು ಉಬ್ಬಿದ ಅದನ್ನು ಕಿತ್ತು ಹೊಸದನ್ನು ಕೂರಿಸಿದಳು. ಬೆಕ್ಕಿನ ಮುಚ್ಚಳವನ್ನು ಸಾಹೇಬರ ಕೆಳಗಿನಿಂದ ಎಳೆದು ರೆಕ್ಕೆಗೆ ಬಿಗಿದಳು. ಗುಂಡಿ ಒತ್ತಿದಳು.

ಮೋಟಾರು ಗುಂಯ್‌ಗುಡಲೂ ಇಲ್ಲ, ಹಾಡಿತು. ನೀರು ಮೂರನೇ ಮಹಡಿಯಲ್ಲಿ ಮದಾಮ್ ತೆರೇಸ್‌ರನ್ನು ತಿರುಗಿಯೂ ನೋಡದೆ ನಾಲ್ಕಕ್ಕೆ ಏರಿತು, ಐದಕ್ಕೆ ಹಾರಿತು. ಗಲೀಲಾ ತೆರೆದಿಟ್ಟಿದ್ದ ಆರು ನಲ್ಲಿಗಳೂ ಒಟ್ಟಿಗೆ ಬಾಯಿ ಬಿಟ್ಟವು.

“ಅಯ್ಯಯ್ಯೋ, ನನ್ನ ಜಮಖಾನ!” ಎಂದು ಆಕೆ ಓಡುವಷ್ಟರಲ್ಲಿ ಮೆಟ್ಟಿಲ ಮೇಲೆ ಜಲಪಾತ ಇಳಿಯತೊಡಗಿತ್ತು. ಶರಬತ್ತಿನ ಲೋಟಗಳು ದೋಣಿಗಳಂತೆ ತೇಲಿ ಬಂದವು. ಬೆಕ್ಕುಗಳು ಹಾಜ್ ಶಲಬಿಯ ಹೆಗಲೇರಿದವು. ಅವನ ಮುಖದ ಉಳಿದರ್ಧವೂ ತೊಳೆದುಹೋಯಿತು. ಒಂದು ತಿಂಗಳ ಸೆಕೆಗೆ ಬೆಂದಿದ್ದ ಹದಿನೇಳನೇ ನಂಬರಿನವರು ಮೆಟ್ಟಿಲಲ್ಲೇ ಕೂತು, ಅಜ್ಜಿಯರು ಸಮೇತ ಸ್ನಾನ ಮಾಡಿದರು.

ಫಾತಿಹಾ ಓದಿದ್ದು ಮೊಣಕಾಲುದ್ದ ನೀರಿನಲ್ಲಿ.

ಆಮೇಲೆ ಸಾಮಾನಿನ ಪಟ್ಟಿ ಬರೆಯುವ ಹೊತ್ತು ಬಂತು. ಹೊಸ ಮನೆಗೆ ಸೇರುವ ಎಲ್ಲ ವಸ್ತುಗಳೂ ಹೆಣ್ಣಿನವು ಎಂದು ಗಂಡು ಸಹಿ ಹಾಕಿ ಕೊಡುವ ಪಟ್ಟಿ ಅದು. ಮಂಚ ಒಂದು, ಫ್ರಿಜ್ಜು ಒಂದು, ಒಗೆಯುವ ಯಂತ್ರ ಒಂದು, ಫ್ಯಾನು ಮೂರು. ಖೈರತ್ ಓದದೆಯೇ ಸಹಿ ಹಾಕಿದ. ಆಗ ಅವನ ತಾಯಿ ಕಾಗದದ ಮೇಲೆ ಬೆರಳಿಟ್ಟಳು.

“ನಮ್ಮ ಕಡೆಯಿಂದ ಒಂದೇ ಒಂದು ಸಾಲು. ಹೆಣ್ಣಿನ ತಂದೆ ಆ ಮನೆಯ ಯಾವ ಯಂತ್ರಕ್ಕೂ ಕೈ ಹಾಕಬಾರದು.”

ಎಲ್ಲರೂ ಸಾಹೇಬರ ಮುಖ ನೋಡಿದರು. ಅವರ ಮುಖ ಕೆಂಪಗಾಗಿತ್ತು. ಅವಮಾನಕ್ಕಲ್ಲ.

“ಇದು ಪತ್ರ ಬರೆಯೋ ರೀತೀನಾ?” ಎಂದು ಅವರು ಗುಡುಗಿದರು. “‘ಕೈ ಹಾಕಬಾರದು’ ಅಂದ್ರೆ ಕಾಲು ಹಾಕಬಹುದಾ? ನಾಳೆ ಯಾರಾದ್ರೂ ವಕೀಲ ಇದರಲ್ಲಿ ಒಂಟೆ ನುಗ್ಗಿಸ್ತಾನೆ! ಕೊಡಿ ಇಲ್ಲಿ ಪೆನ್ನು.”

ಇಪ್ಪತ್ತಾರು ವರ್ಷದ ವಿದ್ಯೆ ಎದ್ದು ಕುಳಿತಿತು. ಒದ್ದೆ ಕೋಟಿನಲ್ಲೇ, ಒಂದೂ ಅಕ್ಷರ ಅಳಿಸದೆ, ಮುತ್ತು ಪೋಣಿಸಿದ ಹಾಗೆ ಬರೆದರು: ‘ಮೇಲ್ಕಂಡ ತಂದೆಯು ಸದರಿ ಮನೆಯೊಳಗೆ ಇರುವ, ಮುಂದೆ ಬರುವ, ತಿರುಗುವ, ತಿರುಗದಿರುವ, ತಿರುಗಬೇಕೆಂದಿರುವ ಯಾವುದೇ ಯಂತ್ರವನ್ನು ಕೈಯಿಂದಾಗಲಿ, ಕಾಲಿನಿಂದಾಗಲಿ, ಕೋಲಿನಿಂದಾಗಲಿ, ಪಾದರಕ್ಷೆಯಿಂದಾಗಲಿ, ಪರರ ಮುಖಾಂತರವಾಗಲಿ, ಉಪದೇಶದ ಮೂಲಕವಾಗಲಿ ಮುಟ್ಟತಕ್ಕದ್ದಲ್ಲ, ಆಲಿಸತಕ್ಕದ್ದೂ ಅಲ್ಲ.’ ಓದಿ ನೋಡಿ, ಎಲ್ಲೂ ಒಂದು ಕೂದಲು ನುಸುಳುವ ಸಂದಿಯೂ ಇಲ್ಲವೆಂದು ತೃಪ್ತಿಯಿಂದ ತಲೆಯಾಡಿಸಿದರು.

ಉಸ್ತಾ ಅತಿಯ್ಯಾತ್ ಓದಿಸಿಕೊಂಡು ಕೇಳಿದಳು. ಎದ್ದು ನಿಂತಳು.

“ಇದಪ್ಪಾ ಕೆಲಸ ಅಂದ್ರೆ,” ಎಂದಳು, “ಉಸ್ತಾ ಬಯ್ಯೂಮಿ.”

ಕಾನೂನಿಗೆ ಬೇಕಿದ್ದುದು ಇಬ್ಬರು ಸಾಕ್ಷಿ. ಆ ಕಾಗದದ ಕೆಳಗೆ ಮೂವತ್ತೇಳು ಸಹಿ, ಒಂದು ಹೆಬ್ಬೆಟ್ಟು ಬಿದ್ದವು. ಹಾಗೆ ಬೀಳುತ್ತಿರುವಾಗಲೇ ಹಾಜ್ ಶಲಬಿ ಕೇಳಿದ: ಇಂಥದೇ ಒಂದು ನಕಲು ತನ್ನ ಅಂಗಡಿಗೂ ಸಿಗುವುದೇ? ಮದಾಮ್ ತೆರೇಸ್ ತಮಗೆ ಎರಡು ಎಂದರು. ಕಟ್ಟಡಕ್ಕೊಂದು ಬೇಕೆಂದು ಇದ್ರೀಸ್ ಕೈ ಎತ್ತಿದ.

ಬಯ್ಯೂಮಿ ಸಾಹೇಬರು ಪೆನ್ನಿನ ಟೋಪಿ ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡರು.

“ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಎರಡೂ ರಜೆ. ನಕಲು ಬೇಕಾದೋರು ಭಾನುವಾರ ಕಚೇರಿಗೆ ಬನ್ನಿ. ಅರ್ಜಿ ಸಮೇತ. ಸಾಲಾಗಿ.”

ಭಾನುವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದಾಗ ಸಾಲು ಬೀದಿಯ ತಿರುವು ದಾಟಿತ್ತು. ಬಾಗಿಲ ಬಳಿಯೇ, ಎಲ್ಲರಿಗಿಂತ ಮುಂದೆ, ಅರ್ಜಿ ಹಿಡಿದು ನಿಂತಿದ್ದವಳು ಗಲೀಲಾ.